ಹುಳುಮನೆಯೊಳಗಿನ ವರ್ಕರ್ ನೋಡ್

ಹರದನಹಳ್ಳಿಯ ಆ ಮನೆಗೆ ಮೊದಲ ಸಲ ಹೋದಾಗ ಮನೆಯ ಯಜಮಾನಿ ಅಕ್ಕ ನನ್ನನ್ನು ಹುಳುಮನೆಯ ಬಾಗಿಲಲ್ಲೇ ನಿಲ್ಲಿಸಿ ಮೂಸಿದಳು.

"ಸೆಂಟ್ ಆಕಂಡಿದ್ದಿಯಾ?"

"ಇಲ್ಲಕ್ಕ. ಸೋಪಿನ ವಾಸ್ನೆ."

"ಸೋಪೂ ವಾಸ್ನೇನೆ ಕಣಪ್ಪ. ಹುಳಕ್ಕೆ ಎಲ್ಲ ಒಂದೇಯ. ತೊಟ್ಟಿ ತಾವ ಓಗಿ ಬರೀ ನೀರಲ್ಲಿ ಕೈಕಾಲು ಉಜ್ಕಂಡು ಬಾ."

ಉಜ್ಜಿಕೊಂಡು ಬಂದೆ. ಬಾಗಿಲ ಮುಂದೆ ಬ್ಲೀಚಿಂಗ್ ನೀರಿನ ಬೋಸಿ ಇತ್ತು. ಅದರಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟಳು. ಉದ್ದನೆಯ ಕೋಣೆ. ಎರಡೂ ಕಡೆ ಕಬ್ಬಿಣದ ರ‍್ಯಾಕು, ಅದಕ್ಕೆ ನೀಲಿ ಬಲೆ. ಬಲೆಯ ಮೇಲೆ ಕಡ್ಡಿ ಸಮೇತ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ರೇಷ್ಮೆ ಹುಳು. ಅವು ತಿನ್ನುವ ಸದ್ದು ಸಣ್ಣ ಸೋನೆ ಬಿದ್ದ ಹಾಗೆ ಕೇಳುತ್ತಿತ್ತು.

ನಾನು ಹೋಗಿದ್ದು ಆ ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್ ಕೂರಿಸಲು. ಚಾಮರಾಜನಗರದಲ್ಲಿ ರೇಷ್ಮೆ ಬೆಳೆಯುವವರ ಒಂದು ಗುಂಪಿದೆ. ಅವರ ಆಫೀಸಿನಲ್ಲಿ ಒಂದು ದೊಡ್ಡ ಯಂತ್ರ. ಊರೂರಿನ ಹುಳುಮನೆಗಳಲ್ಲಿ ಸಣ್ಣ ಸಣ್ಣ ಯಂತ್ರ. ದೊಡ್ಡದು ಕೆಲಸ ಹಂಚುತ್ತದೆ, ಸಣ್ಣವು ಮಾಡುತ್ತವೆ. ಸಣ್ಣದಕ್ಕೆ ವರ್ಕರ್ ನೋಡ್ ಅಂತ ಹೆಸರು. ಆಳು ಅಂದರೂ ತಪ್ಪಿಲ್ಲ. ಈ ಆಳಿನ ಕೆಲಸ ಇಷ್ಟೇ: ಕೋಣೆಯ ಬಿಸಿ ಎಷ್ಟು, ತೇವ ಎಷ್ಟು ಎಂದು ಅಳೆಯುವುದು, ಕ್ಯಾಮೆರಾದಲ್ಲಿ ಹುಳು ನೋಡುವುದು, ಹೆಚ್ಚುಕಡಿಮೆ ಆದರೆ ಮನೆಯವರಿಗೆ ಫೋನ್ ಮಾಡುವುದು.

ಈ ಕೆಲಸದ ಪ್ರೋಗ್ರಾಂ ಬರುವುದು ಕಂಟೇನರ್ ಒಳಗೆ. ಹಾಗೆಂದರೇನು ಅಂತ ಅಕ್ಕ ಕೇಳಿದಳು.

"ಬುತ್ತಿ ಇದ್ದಂಗೆ ಅಕ್ಕ. ಅನ್ನ, ಸಾರು, ಉಪ್ಪು, ಉಪ್ಪಿನಕಾಯಿ ಎಲ್ಲ ಒಂದೇ ಡಬ್ಬೀಲಿ. ಯಾರ ಮನೇಲಿ ತೆಗುದ್ರೂ ಉಣ್ಬೋದು. ಆ ಮನೇಲಿ ಏನೂ ಕೇಳೋದಿಲ್ಲ."

"ನೀರೂ ಕೇಳಲ್ವಾ?"

"ಕರೆಂಟ್ ಕೇಳ್ತದೆ."

"ಅದೇ ಇಲ್ಲ ನಮ್ಮೂರಲ್ಲಿ" ಅಂದಳು ಅಕ್ಕ.

ತಮಾಷೆಗೆ ಹೇಳಿದಳು. ಆದರೆ ನಿಜ ಹೇಳಿದ್ದಳು.

ಯಂತ್ರ ಹಳೆಯದು. ಯಾವುದೋ ಆಫೀಸಿನಲ್ಲಿ ತೆಗೆದುಹಾಕಿದ್ದು. ಅದಕ್ಕೆ ಲಿನಕ್ಸ್ ಹಾಕುವುದು ಕಷ್ಟವಾಗಲಿಲ್ಲ. ಕಂಟೇನರ್ ಇಳಿಸುವುದು ಕಷ್ಟವಾಯಿತು. ಹುಳುಮನೆಯೊಳಗೆ ನೆಟ್‌ವರ್ಕ್ ಸಿಗುವುದು ಮೂಲೆಯ ಕಿಟಕಿಯಲ್ಲಿ ಮಾತ್ರ, ಅದೂ ಎಳೆಯಷ್ಟು. ಬುತ್ತಿ ದೊಡ್ಡದು, ದಾರಿ ಸಣ್ಣದು. ಮುಕ್ಕಾಲು ಪಾಲು ಇಳಿದು ನಿಲ್ಲುತ್ತಿತ್ತು. ಮತ್ತೆ ಮೊದಲಿಂದ. ಎರಡು ಸಲ ಹಾಗಾದ ಮೇಲೆ ನಾನು ಬೈದುಕೊಂಡು ಎದ್ದೆ. ಬೈಕ್ ಹತ್ತಿ ಆಫೀಸಿಗೆ ಹೋಗಿ, ಇಡೀ ಕಂಟೇನರನ್ನು ಒಂದೇ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ನಿಜವಾಗಿಯೂ ಜೇಬಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಹಾಗೆಯೇ ಆಯಿತು.

ಆಮೇಲೆ ಸ್ವ್ಯಾಪ್. ಮೆಮೊರಿ ಸಾಲದಿದ್ದಾಗ ಲಿನಕ್ಸ್ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಎರವಲು ತೆಗೆದುಕೊಳ್ಳುತ್ತದೆ. ಅದೇ ಸ್ವ್ಯಾಪ್. ನಮ್ಮ ವರ್ಕರ್ ಪ್ರೋಗ್ರಾಂಗೆ ಅದು ಆಗಿಬರುವುದಿಲ್ಲ, ಅದು ಇದ್ದರೆ ಏಳುವುದೇ ಇಲ್ಲ. ಆಫ್ ಮಾಡಿದೆ, ಎದ್ದಿತು. ದೊಡ್ಡ ಯಂತ್ರದ ಪಟ್ಟಿಗೆ ಸೇರಿತು. ಆಫೀಸಿನ ಸಾರ್ ಫೋನಿನಲ್ಲಿ, "ಹರದನಹಳ್ಳಿ ಹಸಿರು ಬಂತಪ್ಪ" ಅಂದರು. ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಕೆಂಪು. ನಾನು ಆಫ್ ಮಾಡಿದ್ದು ಆ ಹೊತ್ತಿಗಷ್ಟೇ. ಯಂತ್ರ ಏಳುವಾಗ ಓದುವ ಫೈಲಿನಲ್ಲೂ ಸ್ವ್ಯಾಪ್ ಹೆಸರಿನ ಸಾಲನ್ನು ಕೊಲ್ಲಬೇಕಿತ್ತು. ಮಾರನೇ ದಿನ ಹೋಗಿ ಕೊಂದೆ.

ಅದಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡು ಊರಿಗೆ ಬಂದರೆ ಮತ್ತೆ ಫೋನ್. ಯಂತ್ರ ತನಗೆ ತಾನೇ ಆಫ್ ಆಗುತ್ತಿದೆ. ಹೋಗಿ ಬಿಚ್ಚಿದೆ. ಒಳಗೆಲ್ಲ ಬೆಳ್ಳಗೆ ಪುಡಿ. ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡಿತ್ತು.

"ಏನಕ್ಕ ಇದು?"

ಅಕ್ಕ ನಾಚಿಕೊಂಡಳು. "ಸುಣ್ಣ ಕಣಪ್ಪ."

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಆಗ ಹಾಸಿಗೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಹುಳು ಮೂರನೇ ಜ್ವರಕ್ಕೆ ಕೂತಿದ್ದ ದಿನ ಅದು.

"ಹುಳಕ್ಕೆ ಉದುರುಸ್ತಾ ಇದ್ನಾ. ನಿನ್ ಮಿಷಿನ್ನೂ ಮೂಲೇಲಿ ಸದ್ದಿಲ್ದಂಗೆ ಮಲ್ಗಿತ್ತು. ನೆಲ ಬೇರೆ ತ್ಯಾವ. ಅದ್ಕೂ ಒಂದ್ ಹಿಡಿ ಉದುರ್ಸ್‌ಬುಟ್ಟೆ."

ನನಗೆ ಬೈಯಬೇಕು ಅನ್ನಿಸಿತು. ಆಗಲಿಲ್ಲ. ಒಂದು ಬಣ್ಣದ ಬ್ರಷ್ಷು, ಸೈಕಲ್ ಪಂಪು ತರಿಸಿ ಜಗಲಿಯ ಮೇಲೆ ಕೂತು ಊದಿ ಊದಿ ತೆಗೆದೆ. ಅಕ್ಕ ಪಕ್ಕದಲ್ಲಿ ಕೂತು ಪಂಪು ಒತ್ತಿಕೊಟ್ಟಳು.

ಆಗಲೇ ಮಗಳ ವಿಷಯ ಹೇಳಿದ್ದು. ಒಬ್ಬಳೇ ಮಗಳು, ಗುಂಡ್ಲುಪೇಟೆಗೆ ಕೊಟ್ಟಿದೆ. ತುಂಬಿದ ಬಸುರಿ. ಅತ್ತೆ ಇಲ್ಲದ ಮನೆ. ಅಳಿಯ ತರಕಾರಿ ಗಾಡಿ ಓಡಿಸಿಕೊಂಡು ಕೇರಳಕ್ಕೆ ಹೋಗುವವನು. ಬಂಡೀಪುರದ ರಸ್ತೆ ರಾತ್ರಿ ಮುಚ್ಚುವುದರಿಂದ ಎಷ್ಟೋ ದಿನ ಆ ಕಡೆಯೇ ಉಳಿಯುತ್ತಾನೆ. ಈ ಬೆಳೆ ಗೂಡು ಕಟ್ಟಿದ ಮೇಲೆ ಮಗಳನ್ನು ಕರೆತರುವುದೆಂದು ಅಕ್ಕ ಲೆಕ್ಕ ಹಾಕಿದ್ದಳು. ಮನೆಯಲ್ಲಿ ಹುಳು ಇರುವಾಗ ಹೆರಿಗೆ ಆಗಬಾರದು. ಹೆತ್ತ ಮನೆಯ ಮೈಲಿಗೆಗೆ ಪುರುಡು ಅನ್ನುತ್ತಾರೆ. ಬಾಣಂತಿಯನ್ನೋ ಮಗುವನ್ನೋ ಮುಟ್ಟಿದವರು ಬೇರೆ ಮನೆಗಳಲ್ಲಾದರೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬಹುದು. ಅಕ್ಕನ ಮನೆಯಲ್ಲಿ ಹಾಗಲ್ಲ. ಅವಳ ಅತ್ತೆ ಕಾಲದಿಂದ ಬಂದದ್ದು: ಪುರುಡು ಮುಟ್ಟಿದ ಕೈ, ಆ ಬೆಳೆ ಗೂಡಾಗುವ ತನಕ ಹುಳುಮನೆಗೆ ಬರಕೂಡದು.

"ಇದೆಲ್ಲ ನಂಬ್ತೀರಾ ಅಕ್ಕ?"

"ನಂಬದು ಬುಡದು ಏನ್ ಬಂತು. ನಡ್ಕಂಡ್ ಬಂದದ. ಅತ್ತೆ ಇದ್ದಾಗ ಒಂದ್ ಸತೀನೂ ಬೆಳೆ ಓಗಿಲ್ಲ."

ನಾನು ಪಂಪು ಕೇಳಿದೆ. ವಾದ ಮಾಡುವುದು ನನ್ನ ಕೆಲಸವಲ್ಲ.

ಮಗು ಅಕ್ಕನ ಲೆಕ್ಕ ಕೇಳಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು ಜೋರಾಗಿ ತಿನ್ನಲು ಶುರುಮಾಡಿದ ಹೊತ್ತಿಗೆ ಗುಂಡ್ಲುಪೇಟೆಯಿಂದ ಫೋನ್ ಬಂತು. ಆಪರೇಷನ್ ಮಾಡಿ ಮಗು ತೆಗೆದಿದ್ದಾರೆ. ಹೆಣ್ಣು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನೋಡಿಕೊಳ್ಳುವವರಿಲ್ಲ.

ನಾನು ಆ ದಿನ ಅಲ್ಲೇ ಇದ್ದೆ, ಕ್ಯಾಮೆರಾ ಸರಿಮಾಡುತ್ತಿದ್ದೆ. ಅಕ್ಕ ಫೋನ್ ಇಟ್ಟು ಹುಳುಮನೆಯ ಮಧ್ಯೆ ನಿಂತಳು. ಕೊನೆಯ ಜ್ವರ ಎದ್ದ ಹುಳುವಿಗೆ ಒಂದು ಹೊತ್ತು ತಪ್ಪಬಾರದು. ಬಿಸಿ ಏರಬಾರದು. ಏರಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು, ಕಟ್ಟಿದರೆ ತೇವ ಹೆಚ್ಚಾಗದಂತೆ ನೋಡಬೇಕು. ಇದೆಲ್ಲ ಅವಳಿಗೆ ಕೋಣೆಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಅವಳ ಗಂಡನಿಗೆ, ನಾನು ಬಾವ ಅನ್ನುವವನಿಗೆ, ಗೊತ್ತಾಗುವುದಿಲ್ಲ. ಬಾವನಿಗೆ ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಕೆಲಸ. ಅವನೇ ಹೇಳುತ್ತಿದ್ದ, ಆನೆ ಎಲ್ಲಿ ನಿಂತಿದೆ ಅಂತ ಬೇಕಾದರೆ ಮೂಸಿ ಹೇಳ್ತೀನಿ, ಈ ಹುಳ ಮಾತ್ರ ತಿಳಿಯಲ್ಲ ಅಂತ.

ಬಾವನಿಗೆ ರಜೆ ಸಿಕ್ಕಿತು. ಬಂದ. ಸೊಪ್ಪು ಕೊಯ್ದು ಹಾಕುವುದು ಅವನಿಗೆ ಬರುತ್ತದೆ. ಉಳಿದದ್ದು?

ಅಕ್ಕ ನನ್ನ ಕಡೆ ತಿರುಗಿದಳು. "ನಿನ್ ಮಿಷಿನ್ ನಂಬ್ಕಂಡು ಓಗ್ಲಾ ನಾನು? ನೆಟ್ಟಗೆ ಹೇಳು."

ನಾನು ಮೂಲೆಯಲ್ಲಿದ್ದ ಆ ಹಳೆ ಡಬ್ಬ ನೋಡಿದೆ. "ಓಗಿ" ಅಂದೆ.

ಒಂದು ಪದ ಹೇಳುವುದು ಸುಲಭ. ಬೈಕ್ ಹತ್ತಿದ ಮೇಲೆ ಲೆಕ್ಕ ಹಾಕಿದೆ. ಅಕ್ಕ ಹೋಗಿ ಮಗು ಮುಟ್ಟಿದಳೆಂದರೆ ಮುಗಿಯಿತು. ವಾಪಸ್ ಬಂದರೂ ಹುಳುಮನೆಗೆ ಕಾಲಿಡುವ ಹಾಗಿಲ್ಲ. ಯಂತ್ರ ಕೈಕೊಟ್ಟರೆ ಬೆಳೆಯೇ ಕೈಬಿಟ್ಟ ಹಾಗೆ.

ಅಕ್ಕ ಹೋದ ಮಾರನೇ ಬೆಳಿಗ್ಗೆ ನಾನೂ ಗುಂಡ್ಲುಪೇಟೆಗೆ ಹೋದೆ. ಅವಳ ಮಗಳ ಫೋನಿನಲ್ಲಿ ಹುಳುಮನೆಯ ಚಿತ್ರ, ಬಿಸಿ, ತೇವ ಎಲ್ಲ ಕಾಣುವ ಹಾಗೆ ಮಾಡಿಕೊಡಬೇಕಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ಬಾಣಂತಿ ಮಲಗಿದ್ದಳು, ಹೊಲಿಗೆ ನೋವಿಗೆ ಹೊರಳಲು ಆಗುತ್ತಿರಲಿಲ್ಲ. ಅಕ್ಕ ಮಂಚದ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಮಗು.

ನಾನು ಫೋನ್ ತೆಗೆದುಕೊಂಡು ಹಾಕಬೇಕಾದ್ದು ಹಾಕಿ ವಾಪಸ್ ಕೊಟ್ಟೆ. ಅಕ್ಕನಿಗೆ ಎರಡು ಕೈ ಬೇಕಾಯಿತು ಫೋನ್ ಹಿಡಿಯಲು. "ತಗಳಪ್ಪ ವಸಿ" ಅಂತ ಮಗುವನ್ನು ನನ್ನ ಕೈಗೆ ಹಾಕಿದಳು.

ನಾನು ಅಷ್ಟು ಸಣ್ಣದನ್ನು ಯಾವತ್ತೂ ಹಿಡಿದಿರಲಿಲ್ಲ. ಬೆಚ್ಚಗಿತ್ತು. ಭಾರವೇ ಇರಲಿಲ್ಲ. ಉಸಿರು ಬಿಟ್ಟರೆ ಎಚ್ಚರವಾದೀತು ಅಂತ ಉಸಿರು ಹಿಡಿದು ನಿಂತೆ. ಬಾಣಂತಿ ನೋಡಿ ನಕ್ಕಳು. ನಕ್ಕರೆ ಹೊಲಿಗೆ ನೋಯುತ್ತದೆ ಅಂತ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಶಿವನೆ" ಅಂದಳು ಅಕ್ಕ.

"ಏನಾಯ್ತಕ್ಕ?"

"ನೀ ಮೊಗ ಮುಟ್ಬುಟ್ಟೆ ಕಣಪ್ಪ. ನಾನೇ ಕೊಟ್ಬುಟ್ನಲ್ಲ. ಇನ್ ನೀನೂ ಒಳಕ್ ಓಗಂಗಿಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಳು ತಿಳಿದವಳು ಒಬ್ಬಳು, ಯಂತ್ರ ತಿಳಿದವನು ಒಬ್ಬ. ಇಬ್ಬರೂ ಹೊಸಿಲಿನಾಚೆ. ಮಗು ಮಾತ್ರ ಆರಾಮಾಗಿ ನಿದ್ದೆ ಮಾಡುತ್ತಿತ್ತು.

"ಬುಡಕ್ಕ, ಮಿಷಿನ್ ಓಡ್ತಾ ಅದ. ಒಳಕ್ ಯಾಕ್ ಓಗ್ಬೇಕು" ಅಂದೆ.

ಹಾಗಂದು ಊಟ ಮಾಡಿ ಬರುವಷ್ಟರಲ್ಲಿ ಅಕ್ಕ ಫೋನ್ ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಬಂದು ನಿಂತಿದ್ದಳು.

"ಇವು ಯಾರ್ ಮನೆ ಹುಳ?"

"ನಿಮ್ವೇ ಅಕ್ಕ."

"ನಮ್ವೆಲ್ಲಿ ಇವು? ನಮ್ದು ನೀಲಿ ಬಲೆ. ಇಲ್ಲಿ ನೋಡು, ಬಿದಿರು ತಟ್ಟೆ ಅದ."

ನೋಡಿದೆ. ಬಿದಿರಿನ ತಟ್ಟೆ. ಕುರುಡನೂ ತಡವಿ ಹೇಳಬಹುದು. ಮೇಲೆ ಮಾತ್ರ 'ಹರದನಹಳ್ಳಿ' ಎಂದು ಬರೆದಿತ್ತು. ಬಿಸಿ ಚೆನ್ನಾಗಿದೆ ಅಂತ ತೋರಿಸುತ್ತಿತ್ತು.

ಆಫೀಸಿಗೆ ಫೋನ್ ಮಾಡಿದೆ. "ಕೆಲಸದ ಪಟ್ಟಿಯಲ್ಲಿ ಎಲ್ಲ ಹಸಿರೇ ಇದೆಯಲ್ಲೋ" ಅಂದರು ಸಾರ್.

"ಕೆಲ್ಸ ಎಲ್ ಓಡ್ತಾ ಅದ ನೋಡಿ ಸಾರ್."

ಅವರು ನೋಡಿದರು. ಆಮೇಲೆ, "ತೆರಕಣಾಂಬಿಯಲ್ಲಿ" ಅಂದರು.

ಆಗಿದ್ದು ಹೀಗೆ. ಹರದನಹಳ್ಳಿಯಲ್ಲಿ ಕರೆಂಟ್ ಹೋಗಿದೆ. ಯಂತ್ರ ಉತ್ತರ ಕೊಟ್ಟಿಲ್ಲ. ಒಂದು ಆಳು ಬರದಿದ್ದರೆ ದೊಡ್ಡ ಯಂತ್ರ ಅವನ ಕೆಲಸವನ್ನು ಇನ್ನೊಂದು ಆಳಿಗೆ ಕೊಡುತ್ತದೆ. ಈ ಏರ್ಪಾಟು ಇರುವುದೇ ಅದಕ್ಕೆ. ತೆರಕಣಾಂಬಿಯಲ್ಲಿ ಇನ್ನೊಬ್ಬರ ಹುಳುಮನೆಯ ಯಂತ್ರ ಇತ್ತು. ಕೆಲಸ ಅಲ್ಲಿಗೆ ಹೋಗಿದೆ. ಬುತ್ತಿ ಯಾರ ಮನೆಯಲ್ಲಾದರೂ ತೆರೆಯುತ್ತದೆ ಅಂತ ನಾನೇ ಹೇಳಿದ್ದೆ. ತೆರೆಯಿತು. ಕಣ್ಣೆದುರು ಯಾವ ಕ್ಯಾಮೆರಾ ಇತ್ತೋ ಅದನ್ನೇ ನೋಡಿತು. ಹರದನಹಳ್ಳಿಯ ಹುಳು ಕಾಯುತ್ತೇನೆ ಅಂದುಕೊಂಡು ತೆರಕಣಾಂಬಿಯ ಹುಳು ಕಾಯುತ್ತಾ ಕೂತಿತು.

ಅಂದರೆ ಅಕ್ಕನ ಕೋಣೆಯಲ್ಲಿ ಈಗ ಬಿಸಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಹೊರಗೆ ಉರಿಬಿಸಿಲು. ಬಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಅಕ್ಕ ಒಳಗೆ ಹೋಗಿ ಚೀಲ ಎತ್ತಿಕೊಂಡಳು. "ಬಸ್ ಅತ್ತ್‌ಬುಡ್ತಿನಿ. ಒಳಕ್ ಓಗ್ದಿದ್ರೂ ಬಾಗ್ಲಲ್ ನಿಂತಾದ್ರೂ ಹೇಳ್ತಿನಿ."

ಮಗಳು ಮಗುವಿನ ಕುಲಾವಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು, ಮತ್ತೆ ಮಾಡಿದಳು. ಆಮೇಲೆ, "ಓಗವ್ವ. ನಾ ನೋಡ್ಕತಿನಿ" ಅಂತ ಗೋಡೆ ಕಡೆ ಮುಖ ಮಾಡಿದಳು.

"ಕೂತ್ಕಳಕ್ಕ" ಅಂದೆ. ನನ್ನ ದನಿ ಜೋರಾಗಿ ಬಂತು, ಪಕ್ಕದ ಮಂಚದವರು ನೋಡಿದರು. "ನಾ ಓಯ್ತಿನಿ. ನಾ ಫೋನ್ ಮಾಡಗಂಟ ಈ ಚೀಲ ಮುಟ್ಬೇಡಿ."

ತೆರಕಣಾಂಬಿ ದಾಟುವಾಗ ಆ ಇನ್ನೊಂದು ಯಂತ್ರ ನೆನಪಾಗಿ ಸಿಟ್ಟು ಬಂತು. ಅದರ ತಪ್ಪೇನಿಲ್ಲ. ಆದರೂ ಬಂತು.

ಹರದನಹಳ್ಳಿಗೆ ಬಂದು ಬೈಕ್ ನಿಲ್ಲಿಸಿ ಓಡಿದೆ. ಬ್ಲೀಚಿಂಗ್ ಬೋಸಿಗೆ ಒಂದು ಕಾಲು ಅದ್ದಿದೆ. ಬಾಗಿಲಿಗೆ ಕೈ ಇಟ್ಟೆ. ಒಳಗಿನಿಂದ ಬಿಸಿ ಮುಖಕ್ಕೆ ಹೊಡೆಯಿತು.

ಅಲ್ಲಿ ನಿಂತೆ.

ನೋಡುವವರು ಯಾರೂ ಇರಲಿಲ್ಲ. ನಾನು ಮಗು ಮುಟ್ಟಿದ್ದು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸಾರ್ ಅಷ್ಟರಲ್ಲಿ ಫೋನ್ ಮಾಡಿದರು. ವಿಷಯ ಹೇಳಿದೆ. "ಇದೆಲ್ಲ ಏನೋ? ಒಳಗೆ ಹೋಗಿ ನೀನೇ ಮಾಡು, ಬೇಗ ಆಗತ್ತೆ" ಅಂದರು. ಸರಿಯಾದ ಮಾತೇ. ಪುರುಡಿಗೆ ಹುಳು ಸಾಯುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ನಾನು ಒಳಗೆ ಹೋಗಿ ನಾಳೆ ನಾಲ್ಕು ಹುಳು ಸತ್ತರೂ ಅಕ್ಕ ನನ್ನನ್ನು ಬೈಯುವುದಿಲ್ಲ. ಮಗುವನ್ನು ಕೈಗೆ ಕೊಟ್ಟ ತನ್ನನ್ನೇ ಬೈದುಕೊಳ್ಳುತ್ತಾಳೆ. ಮುಂದೆ ಆ ಮಗುವನ್ನು ಎತ್ತಿಕೊಂಡಾಗಲೆಲ್ಲ ಅದೇ ನೆನಪು ಬರುತ್ತದೆ. ಅದು ನನಗೆ ಬೇಡ ಅನ್ನಿಸಿತು.

ಕಾಲು ಹಿಂದೆ ತೆಗೆದೆ. "ಬಾವಾ!" ಅಂತ ಕೂಗಿದೆ.

ಹಿಪ್ಪುನೇರಳೆ ತೋಟದ ಕಡೆಯಿಂದ ಬಾವ ಸೊಪ್ಪಿನ ಹೊರೆ ಹೊತ್ತು ಬಂದ. ಮೈಮೇಲೆ ಬನಿಯನ್ ಮಾತ್ರ. ಅಂಗಿ ಬದುವಿನ ಗೂಟಕ್ಕೆ ನೇತುಹಾಕಿದ್ದನಂತೆ, ಫೋನ್ ಅದರ ಜೇಬಿನಲ್ಲಿ.

"ಏನ್ಲಾ ಅಂಗ್ ಕೂಗ್ತಿಯೆ, ಆನೆ ಬಂದಂಗೆ?"

"ಒಳಗ್ ಬಿಸಿ ಏರದ. ಗೋಣಿ ನೆನ್ಸಿ ಕಟ್ಟು ಮೊದ್ಲು."

"ಫೋನೇ ಬರ್ನಿಲ್ಲ ಮಿಷಿನ್ನಿಂದ!"

"ಅದ್ಕೇ ಬಂದಿವ್ನಿ. ಕಟ್ಟು ಬಾವ."

ಬಾವ ಗೋಣಿ ನೆನೆಸಿದ, ಕಿಟಕಿಗೆ ಕಟ್ಟಿದ, ಆಚೆ ಬದಿಯ ಬಾಗಿಲು ತೆಗೆದ. ನಾನು ಹೊರಗಿನಿಂದ ಕತ್ತು ಚಾಚಿ ನೋಡಿದೆ. ಹುಳು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡಿದ್ದವು. ಅಂಚಿನಲ್ಲಿ ಕೆಲವು ಸೊಪ್ಪು ಬಿಟ್ಟು ಹರಿದಾಡುತ್ತಿದ್ದವು. ಬದುಕಿದ್ದವು.

"ಬಾ ಒಳಕೆ, ಅಲ್ಲೇನ್ ದಾಸಯ್ಯ ನಿಂತಂಗ್ ನಿಂತಿದಿಯೆ?"

"ಬರಂಗಿಲ್ಲ ಬಾವ. ಮೊಗ ಎತ್ಕಂಡ್‌ಬುಟ್ಟಿವ್ನಿ."

ಬಾವ ಗೋಣಿ ಹಿಡಿದವನು ಹಾಗೇ ನಿಂತ. "ಯಾವ ಮೊಗ? ನಮ್ ಮೊಗನಾ?"

"ಹೂಂ. ಅಕ್ಕ ಕೈಗ್ ಕೊಟ್ಟುದ್ರು."

"ಬಡ್ಡೈದ್ನೆ! ನಾನೇ ಇನ್ನೂ ನೋಡಿಲ್ಲ ಕಣ್ಲಾ!" ಅವನ ಮುಖ ಅಗಲವಾಯಿತು. "ಎಂಗವ್ಳೆ?"

"ಆಮೇಕ್ ಹೇಳ್ತಿನಿ. ಮೊದ್ಲು ಮಿಷಿನ್ ಮುಂದೆ ಕೂತ್ಕ."

ಕರೆಂಟ್ ಬಂದು ಯಂತ್ರ ತಾನಾಗಿ ಎದ್ದಿತ್ತು. ಆದರೆ ಆಫೀಸಿನ ಯಂತ್ರಕ್ಕೂ ಇದಕ್ಕೂ ನಡುವೆ ಇರುವ ಗುಟ್ಟಿನ ದಾರಿ ತೆರೆದಿರಲಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ಹೊರಗೇ ಕೂತು ಸರಿಮಾಡೋಣವೆಂದರೆ ನಾನೂ ಹೋಗಬೇಕಾದದ್ದು ಅದೇ ದಾರಿಯಲ್ಲಿ. ಬಾವನಿಗೆ ಪರದೆಯ ಮೇಲಿನ ತಾರೀಖು ಓದು ಅಂದೆ. ಓದಿದ. ಎಷ್ಟೋ ವರ್ಷ ಹಿಂದಿನದು.

ಆಗ ತಿಳಿಯಿತು. ಗಡಿಯಾರ ಓಡಿಸುವ ಒಳಗಿನ ಗುಂಡಿ ಸೆಲ್ಲು ಈ ನಡುವೆ ಸತ್ತಿದೆ. ಕರೆಂಟ್ ಹೋದ ಕೂಡಲೇ ಗಡಿಯಾರ ಹಿಂದಕ್ಕೆ ಹೋಗಿದೆ. ಗಡಿಯಾರ ಸರಿಯಿಲ್ಲದವನಿಗೆ ಆ ದಾರಿ ಬಾಗಿಲು ತೆಗೆಯುವುದಿಲ್ಲ. ಗಡಿಯಾರ ಸರಿಮಾಡಿಕೊಳ್ಳಬೇಕೆಂದರೆ ಆ ದಾರಿಯಲ್ಲೇ ಹೋಗಿ ಆಫೀಸಿನ ಯಂತ್ರವನ್ನು ಕೇಳಬೇಕು. ಹಾಗಾಗಿ ಪಾಪದ್ದು ಬಾಗಿಲಲ್ಲಿ ನಿಂತುಬಿಟ್ಟಿತ್ತು, ನನ್ನ ಹಾಗೆಯೇ.

"ಬಾವ, ತಾರೀಖು ತಿದ್ಬೇಕು. ನಾ ಒಂದೊಂದೇ ಅಕ್ಷರ ಹೇಳ್ತಿನಿ. ನೀ ಒತ್ತು. ಇಂಗ್ಲಿಷ್ ಅಕ್ಷರ ಬತ್ತವಾ?"

"ದಿನಾ ಗಾಡಿ ನಂಬರ್ ಬರ್ಕಳದು ಯಾರ್ಲಾ? ಹೇಳು."

"ಎಸ್."

"ಎಸ್. ಓವರ್."

"ಓವರ್ ಎಲ್ಲ ಬೇಡ. ಯು."

"ಯು. ಓವರ್."

ಚೆಕ್‌ಪೋಸ್ಟಿನ ವೈರ್‌ಲೆಸ್ ಅಭ್ಯಾಸ. ಬಿಡಿಸಲು ಆಗಲಿಲ್ಲ. ಒಂದು ಬೆರಳಲ್ಲಿ ಒತ್ತುತ್ತಿದ್ದ. ಪ್ರತಿ ಅಕ್ಷರಕ್ಕೂ ಕೀಬೋರ್ಡ್ ತುಂಬ ಹುಡುಕುತ್ತಿದ್ದ, ಕಾಡಿನಲ್ಲಿ ಹೆಜ್ಜೆ ಹುಡುಕುವ ಹಾಗೆ. ನನಗೆ ತಾಳ್ಮೆ ಕಡಿಮೆ. ಎರಡು ಸಲ ಹೊಸಿಲು ದಾಟಲು ಕಾಲು ಎತ್ತಿದೆ, ಇಳಿಸಿದೆ.

"ಈಗ ಜಾಗ ಬುಡು. ಉದ್ದಕ್ಕಿರೋದು ಒತ್ತು."

"ಬುಟ್ಟೆ. ಯಾರಂಗವ್ಳೆ ಮೊಗ?"

"ಯಾರಂಗೂ ಇಲ್ಲ ಬಾವ. ಕೆಂಪಗವ್ಳೆ. ಡಿ."

"ಡಿ. ಓವರ್. ಮೂಗು?"

"ಅದ."

"ಅದ ಅಂದ್ರೆ? ಅವ್ರವ್ವನ್ ತರ ಮೊಂಡೋ, ನಮ್ ತರ ನೆಟ್ಟಗೋ?"

"ಬಟನ್ ಇದ್ದಂಗದ. ಎ. ಎ ಒತ್ತು ಬಾವ."

"ಕೂದ್ಲು?"

"ಕುಲಾವಿ ಆಕಿತ್ತು. ಬಾವ, ಟಿ!"

ಒಂದು ಸಾಲು ತಪ್ಪಾಯಿತು. ಯಂತ್ರ ಬೈದು ವಾಪಸ್ ಕಳಿಸಿತು. ಮತ್ತೆ ಮೊದಲಿಂದ. ಎರಡನೇ ಸಲ ಪಾಸ್‌ವರ್ಡ್ ಕೇಳಿತು. ಒತ್ತಿದರೂ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಅದು ಲಿನಕ್ಸ್ ರೀತಿ. ಬಾವ ಕೀಬೋರ್ಡ್ ಕೆಟ್ಟಿದೆ ಅಂತ ತಿರುಗಿಸಿ ಕುಟ್ಟಿದ. ಕಾಣಲ್ಲ ಬಾವ, ಕಾಣದಿದ್ದರೂ ಬೀಳುತ್ತದೆ, ನಂಬು ಅಂದೆ. ನಂಬಿ ಒತ್ತಿದ. ತಾರೀಖು ಇವತ್ತಿಗೆ ಬಂತು. ಗುಟ್ಟಿನ ದಾರಿ ತೆರೆಯಿತು.

ನಾನು ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಯಂತ್ರ ಹಸಿರು. ಆದರೆ ಕೆಲಸ ಇನ್ನೂ ತೆರಕಣಾಂಬಿಯಲ್ಲೇ. ಒಮ್ಮೆ ಕೊಟ್ಟದ್ದನ್ನು ದೊಡ್ಡ ಯಂತ್ರ ತಾನಾಗಿ ಹಿಂದೆ ಪಡೆಯುವುದಿಲ್ಲ. ಎಬ್ಬಿಸಿ ಕರೆದುಕೊಂಡು ಬರಬಹುದು. ನಾಳೆ ಕರೆಂಟ್ ಹೋದರೆ ಮತ್ತೆ ಹೋಗುತ್ತದೆ.

ಸಾರ್‌ಗೆ ಹೇಳಿದೆ. ಈ ಕೆಲಸವನ್ನು ಈ ಯಂತ್ರಕ್ಕೇ ಕಟ್ಟಿಹಾಕುತ್ತೇನೆ. ಯಂತ್ರಕ್ಕೊಂದು ಗುರುತು, ಕೆಲಸದ ಫೈಲಿನಲ್ಲಿ ಒಂದು ಸಾಲು: ಆ ಗುರುತಿರುವ ಕಡೆ ಬಿಟ್ಟು ಬೇರೆಲ್ಲೂ ಓಡಬೇಡ.

"ಹಾಗೆ ಕಟ್ಟಿದರೆ ಮಿಷಿನ್ ಆಫ್ ಆದಾಗ ಕೆಲಸ ಎಲ್ಲೂ ಓಡಲ್ಲ. ಕೆಂಪು ತೋರಿಸತ್ತೆ. ಮೇಲಿನವರು ಕೇಳ್ತಾರೆ" ಅಂದರು.

"ತೋರುಸ್ಲಿ ಸಾರ್. ಹುಳ ನೋಡೋರ್ ಯಾರೂ ಇಲ್ಲ ಅಂದ್ಮೇಲೆ ಕೆಂಪೇ ತೋರುಸ್ಬೇಕು. ಇವತ್ತು ಹಸಿರು ತೋರುಸ್ಕಂಡು ಏನ್ ಮಾಡ್ತು?"

"ಕಟ್ಟು" ಅಂದರು. "ತೆರಕಣಾಂಬಿಯದನ್ನೂ ಅದರದಕ್ಕೆ ಕಟ್ಟಿಬಿಡು. ಎಲ್ಲವನ್ನೂ ಕಟ್ಟು."

ಕಟ್ಟಿದೆ. ತೆರಕಣಾಂಬಿಯಲ್ಲಿ ಕೆಲಸ ನಿಂತಿತು. ಹರದನಹಳ್ಳಿಯಲ್ಲಿ ಎದ್ದಿತು. ಬುತ್ತಿ ಡಿಸ್ಕಿನಲ್ಲೇ ಇದ್ದದ್ದರಿಂದ ನೆಟ್‌ವರ್ಕಿಗೆ ಕಾಯಲಿಲ್ಲ. ಮೊದಲು ಬಿಸಿ ಬಂತು, ಇನ್ನೂ ಜಾಸ್ತಿಯೇ ಇತ್ತು, ಇಳಿಯುತ್ತಿತ್ತು. ಬಾವ ಅಷ್ಟರಲ್ಲಿ ತೋಟಕ್ಕೆ ಹೋಗಿ ತಂದಿದ್ದ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬಿಸಿ ಏರಿದೆ ಅಂತ ಯಂತ್ರವೇ ಮಾಡಿದ ಕರೆ. ತಡವಾದರೂ ಸರಿಯಾದ ಮನೆಗೆ ಬಂತು.

"ಗೊತ್ತಾಯ್ತು ಬುಡವ್ವ" ಅಂತ ಬಾವ ಅದಕ್ಕೆ ಉತ್ತರ ಕೊಟ್ಟ.

ಅಕ್ಕನಿಗೆ ಫೋನ್ ಮಾಡಿದೆ. ಮಾತಾಡುವ ಮೊದಲೇ ಅವಳೇ ಹೇಳಿದಳು.

"ಬಂತು ಕಣಪ್ಪ. ನೀಲಿ ಬಲೆ. ಆ ಮೂಲೇಲಿ ವಸಿ ಹರುದಾಡ್ತಾ ಅವ, ಸೊಪ್ಪು ತೆಳ್ಳಗಾಕು ಅಂತ ಹೇಳು ನಿಮ್ ಬಾವುಂಗೆ. ಒಟ್ಟಿಗೇ ಸುರೀಬ್ಯಾಡ."

ಹೇಳಿದೆ. ಬಾವ ತೆಳ್ಳಗೆ ಹಾಕಿದ. ಹುಳು ತಲೆ ಇಳಿಸಿ ಸೊಪ್ಪಿಗೆ ಬಾಯಿ ಹಾಕಿದವು. ಕೋಣೆ ಮತ್ತೆ ಸೋನೆ ಬಿದ್ದ ಹಾಗೆ ಸದ್ದು ಮಾಡತೊಡಗಿತು. ಅಂಚಿನಲ್ಲಿ ಒಂದಿಷ್ಟು ಸತ್ತವು, ಬಾವ ಆರಿಸಿ ತೆಗೆದ.

"ಬಸ್ ಅತ್ತೀರಾ ಅಕ್ಕ?" ಕೇಳಿದೆ.

ಆ ಕಡೆಯಿಂದ ಮಗಳ ದನಿ ಕೇಳಿತು, ಏನಂದಳೋ ತಿಳಿಯಲಿಲ್ಲ. ಅಕ್ಕ, "ಇಲ್ಲ. ಚೀಲ ಮಂಚದ್ ಕೆಳಕ್ ತಳ್ದೆ. ಇವು ಗೂಡು ಕಟ್ಟಗಂಟ ಇಲ್ಲೇ ಇರ್ತಿನಿ" ಅಂದಳು.

ನಾನು ಜಗಲಿಯ ಮೇಲೆ ಕೂತೆ. ಬಾವ ಬಾಗಿಲಿಗೆ ಬಂದ, ಹೊಸಿಲಿನ ಒಳಗೇ ನಿಂತ. ಏನೋ ಕೇಳಬೇಕು ಅಂತ ಇತ್ತು, ಕೇಳುತ್ತಿರಲಿಲ್ಲ. ಬನಿಯನ್ ಎಳೆದುಕೊಂಡ, ಗೋಣಿ ನೋಡಿದ. ಅವನದು ಬಟನ್ ಫೋನು. ಅದರಲ್ಲಿ ಮಾತು ಬರುತ್ತದೆ, ಮುಖ ಬರುವುದಿಲ್ಲ.

ನಾನು ನನ್ನ ಫೋನ್ ತೆಗೆದು ಅಕ್ಕನ ಮಗಳ ಫೋನಿಗೆ ವಿಡಿಯೊ ಕಾಲ್ ಹಾಕಿದೆ. "ಬಾವುಂಗೆ ತೋರ್ಸಕ್ಕ" ಅಂದೆ. ಎದ್ದು ಹೋಗಿ ಹೊಸಿಲಿನ ಈಚೆ ನಿಂತು ಫೋನನ್ನು ಅವನ ಮುಖದ ಮುಂದೆ ಹಿಡಿದೆ.

ಬಾವ ಮುಂದಕ್ಕೆ ಬಗ್ಗಿದ. ಕೈ ತಾನಾಗಿ ಮೇಲೆ ಬಂತು, ಅರ್ಧಕ್ಕೆ ನಿಂತಿತು. ಆ ಫೋನ್ ಹಿಡಿದ ಕೈ ಮಗು ಹಿಡಿದ ಕೈ. ಅವನಿಗೆ ನೆನಪಾಯಿತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಆನೆಗೆ ಹೆದರದವನು ಗಾಜಿನ ಮೇಲಿನ ಮುಖ ಮುಟ್ಟಿಬಿಟ್ಟೇನೋ ಅಂತ ಹೆದರಿಕೊಂಡು, ಕತ್ತು ಮಾತ್ರ ಚಾಚಿ ನೋಡಿದ.

ಮಗು ಕಣ್ಣು ಮುಚ್ಚಿತ್ತು. ಆಮೇಲೆ ಆಕಳಿಸಿತು.

"ನೆಟ್ಟಗದ ಕಣ್ಲಾ ಮೂಗು" ಅಂದ ಬಾವ, ಮೆಲ್ಲಗೆ. "ನೆಟ್ಟಗೇ ಅದ."

ನನಗೆ ಹಾಗೇನೂ ಕಾಣಲಿಲ್ಲ. ಹೇಳಲಿಲ್ಲ. ತೋಳು ನೋಯತೊಡಗಿತು. ಅವನು ಸಾಕು ಅನ್ನುವ ತನಕ ಹಾಗೇ ಹಿಡಿದುಕೊಂಡು ನಿಂತೆ.